ಇತರೆ

ಕಾರವಾರದ ಕಚೇರಿಯ ಮೂರನೇ ಮಹಡಿಯಲ್ಲಿ
ನನ್ನದು ಗುತ್ತಿಗೆ ಕೆಲಸ: ಕಾಡನ್ನು ವಿಂಗಡಿಸುವುದು.
ಮರಕ್ಕೆ ಬಿಗಿದ ಕ್ಯಾಮೆರಾಗಳು ನುಂಗಿದ್ದನ್ನೆಲ್ಲ
ಹದಿನೈದು ದಿನಕ್ಕೊಮ್ಮೆ ತಂದು ಸುರಿಯುತ್ತಾರೆ.
ಹುಲಿಗೊಂದು ಕಡತ, ಚಿರತೆಗೊಂದು,
ಕಾಟಿಗೆ, ಕಡವೆಗೆ, ಪುನುಗಿಗೆ ಒಂದೊಂದು.
ಗಾಳಿಗೆ ಅಲುಗಿದ ಎಲೆ, ಗಾಜಿನ ಮೇಲೆ ಕೂತ ಜೇಡ,
ಮನುಷ್ಯರು,
ಇವೆಲ್ಲ 'ಇತರೆ'. ಶನಿವಾರ ಸಂಜೆ ಅಳಿಸಬೇಕು.

ಹುಲಿಯ ಗುರುತು ಹಿಡಿಯುವುದು ಸುಲಭ.
ಒಂದರ ಪಕ್ಕೆಯ ಪಟ್ಟೆ ಇನ್ನೊಂದಕ್ಕಿಲ್ಲ.
ಅದಕ್ಕೊಂದು ನಂಬರು, ಅದರ ತಾಯಿಗೊಂದು, ತಾಯಿಯ ತಾಯಿಗೊಂದು.
ಮೂರು ತಲೆಮಾರು ಬಾಯಿಪಾಠ ನನಗೆ.

ಅವಳನ್ನು ಮೊದಲು ಕಂಡಿದ್ದು 'ಇತರೆ'ಯಲ್ಲಿ.
ಬೆಳಗಿನ ಆರು ಐವತ್ತೆರಡು, ಹತ್ತೊಂಬತ್ತು ಡಿಗ್ರಿ,
ತಲೆಯ ಮೇಲೆ ಬುಟ್ಟಿ, ಬುಟ್ಟಿ ತುಂಬ
ಮಣ್ಣು ಕೊಡವದ ಗೆಡ್ಡೆ.
ಮತ್ತೊಂದು ದಿನ ನಿಂತು ಕ್ಯಾಮೆರಾವನ್ನೇ ನೋಡಿದ್ದಾಳೆ,
ಕರೆದರೂ ಓಗೊಡದ ನೆಂಟರ ಬಾಗಿಲು ನೋಡುವಂತೆ.
ಇನ್ನೊಂದರಲ್ಲಿ ಸೆರಗಿನಿಂದ ಗಾಜು ಒರೆಸುತ್ತಿರಬೇಕು,
ಪರದೆಯ ತುಂಬ ಬರೀ ನೂಲು.

ಅಳಿಸಿದೆ. ಸಂಬಳ ಹನ್ನೊಂದು ಸಾವಿರ.

ಮಳೆಗಾಲ ಕಳೆದ ಮೇಲೆ ಅವಳೇ ಮೆಟ್ಟಿಲು ಹತ್ತಿ ಬಂದಳು.
ಶೇವಂತಿ ವೇಳಿಪ. ಊರು ಕೊಂಬಾಳಿ, ಜೋಯಿಡಾ ತಾಲ್ಲೂಕು.
ರಸ್ತೆ ಕೇಳಿದರು, ಬರಲಿಲ್ಲ. ಕರೆಂಟು ಬರಲಿಲ್ಲ.
ಹೆರಿಗೆಗೆ ಹೊತ್ತೊಯ್ದ ನಾದಿನಿ ಅರ್ಧ ದಾರಿಯಲ್ಲೇ ಹೋದಳು.
ಕೊನೆಗೆ ಊರಿಗೆ ಬಂದಿದ್ದು ಒಪ್ಪಿಗೆ ಪತ್ರ.
'ಸ್ವಇಚ್ಛೆಯಿಂದ' ಅಂದರೆ ಏನೆಂದು ಯಾರೂ ಬಿಡಿಸಿ ಹೇಳಲಿಲ್ಲ,
ಹೆಬ್ಬೆಟ್ಟಿಗೆ ಶಾಯಿ ಮಾತ್ರ ಚೆನ್ನಾಗಿ ಹಚ್ಚಿದರು.

ಲೆಕ್ಕ ಬರೆಯುವ ದಿನ ಅವಳು ಗೆಡ್ಡೆ ಮಾರಲು ಹೋಗಿದ್ದಳು.
ಪಟ್ಟಿಯಲ್ಲಿ ಹೆಸರಿಲ್ಲ, ಆದ್ದರಿಂದ ದುಡ್ಡಿಲ್ಲ.
ಮನೆಯನ್ನೇನೋ ಕೆಡವಿದರು, ಅದಕ್ಕೆ ಪಟ್ಟಿ ಬೇಕಿರಲಿಲ್ಲ.
ಈಗ ಬೈತಖೋಲದಲ್ಲಿ ಸಿಗಡಿ ಸುಲಿಯುತ್ತಾಳೆ,
ಐಸಿಗೆ ಬೆರಳು ಬಿಳುಚಿವೆ,
ಸಮುದ್ರವಿನ್ನೂ ವಾಸನೆಯಾಗಿಯೇ ಇದೆ ಅವಳಿಗೆ.

"ಇದ್ದೀರಿ ಅಂತ ಎಬ್ಬಿಸಿದವರೇ
ಇರಲೇ ಇಲ್ಲ ಅಂತಾರೆ," ಅಂದಳು.
"ನಿಮ್ಮ ಪೆಟ್ಟಿಗೆ ನನ್ನ ದಿನಾ ನೋಡ್ಯದೆ.
ಅದೇ ಬಂದು ಸಾಕ್ಷಿ ಹೇಳಲಿ."

ನಾನು ಕಿಟಕಿಯಾಚೆ ನೋಡಿದೆ.
ಅಲ್ಲಿ ಕಾಳಿ, ಅವಳ ಊರಿನ ನೀರನ್ನೂ ಹೊತ್ತು,
ಯಾರ ಅಪ್ಪಣೆಯೂ ಇಲ್ಲದೆ ಕಡಲಿಗೆ ಸೇರುತ್ತಿತ್ತು.
ಅರಗಾದ ನೌಕಾಬೇಲಿಯ ಒಳಗೆ
ನಮ್ಮಜ್ಜಿ ಮೀನು ಒಣಗಿಸುತ್ತಿದ್ದ ಮರಳಿದೆ.
ಸಾಯುವ ತನಕ ಆ ದಿಕ್ಕಿಗೆ ತಲೆಯಿಟ್ಟು ಮಲಗಿದಳು,
ನಾವು ಅದನ್ನು ಅರಳುಮರಳು ಅಂದುಕೊಂಡೆವು.

ಕಸದ ಕಡತ ಕೆದಕಿದೆ. ಸಾಹೇಬರು ಊಟಕ್ಕೆ ಹೋಗಿದ್ದರು.
ಬುಟ್ಟಿ ಹೊತ್ತವಳಿಲ್ಲ, ನಿಂತು ನೋಡಿದವಳಿಲ್ಲ,
ಉಳಿದದ್ದು ಒಂದೇ: ಪರದೆ ತುಂಬ ನೂಲು.

ನನಗೆ ನಾಚಿಕೆಯಾಯಿತು. ಅವಳು ಬಗ್ಗಿ ನೋಡಿದಳು.
"ನಂದೇ," ಅಂದಳು. "ಈ ಚೌಕಳಿ, ಇಲ್ಲಿ ಮುಳ್ಳಿಗೆ ಹರಿದದ್ದು,
ಇದು ನಾನು ಹಾಕಿದ ತೇಪೆ, ಕೆಂಪು ದಾರ ತೀರಿತ್ತು, ಕಪ್ಪಿನಲ್ಲಿ ಹೊಲಿದೆ."
ಉಟ್ಟ ಸೀರೆಯ ಸೆರಗು ಎತ್ತಿ ಪರದೆಗೆ ಹಿಡಿದಳು.
ಒಂದೊಂದು ಹೊಲಿಗೆಯೂ ಕೂಡಿತು.
ಹುಲಿಗಾದರೆ ಇಷ್ಟು ಸಾಕು.

ಮುದ್ರಿಸಿ ಕೊಟ್ಟೆ. ಕೆಳಗೆ ತಾರೀಖು, ಹೊತ್ತು, ಕ್ಯಾಮೆರಾದ ಸಂಖ್ಯೆ.
ಮೊಹರು ಹಾಕಲು ನನಗೆ ಅಧಿಕಾರವಿಲ್ಲ.
ಯಾರಾದರೂ ನಂಬುತ್ತಾರೆಂದು ನಾನು ಹೇಳಲಿಲ್ಲ, ಅವಳು ಕೇಳಲೂ ಇಲ್ಲ.
ನಾಲ್ಕು ಮಡಿಕೆ ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಮೆಟ್ಟಿಲಿನ ಹತ್ತಿರ ತಿರುಗಿ ನಿಂತು ಕೇಳಿದ್ದು ಬೇರೆಯೇ:
"ಆ ಎಡಗಿವಿ ಹರಿದವಳು, ಮರಿ ಹಾಕಿದಳೇನು?"

ಹಾಕಿದ್ದಾಳೆ, ಅಂದೆ. ಮೂರು.

"ಹಂಗಾದ್ರೆ ನಮ್ಮ ಹಿತ್ತಿಲ ದರೆಯ ಕೆಳಗೇ ಇಟ್ಟಿರ್ತಾಳೆ.
ಅಲ್ಲಿ ಗಾಳಿ ಕಮ್ಮಿ."